ಹಳೇ ಬ್ಲಾಗರ್‌ಗಳ ರೀಚ್ ಯಾಕೆ ಬಿತ್ತು, ಈಗ ಏನ್ ಮಾಡ್ಬೇಕು: ಹಂತ ಹಂತವಾಗಿ

"ಎಷ್ಟೋ ವರ್ಷದಿಂದ ಬರೀತಾ ಇದೀನಿ, ಒಂದೊಂದು ಬರಹಕ್ಕೂ ದಿನಗಟ್ಟಲೆ ಕೂತಿದೀನಿ, ಈಗ ಪೋಸ್ಟ್ ಹಾಕಿದ್ರೆ ಯಾರಿಗೂ ಕಾಣಿಸ್ತಾನೇ ಇಲ್ಲ, ನಿನ್ನೆ ಮೊನ್ನೆ ಅಕೌಂಟ್ ತೆರೆದೋರಿಗೆ ಸಾವಿರಗಟ್ಟಲೆ ಲೈಕು, ಇದ್ಯಾವ ನ್ಯಾಯ?" ಈ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ನನಗೆ ಬರ್ತಾನೇ ಇರತ್ತೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಡೋ ಬದ್ಲು ಎಲ್ಲಾನೂ ಒಂದೇ ಕಡೆ ಬರೆದುಬಿಡ್ತೀನಿ, ಸ್ವಲ್ಪ ಉದ್ದ ಆಗತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಬೇಜಾರು ಸುಳ್ಳಲ್ಲ. ಅದನ್ನ ಯಾರಾದ್ರೂ ಹೊಟ್ಟೆಕಿಚ್ಚು ಅಂದ್ರೆ ತಲೆಗೆ ಹಚ್ಕೋಬೇಡಿ, ವರ್ಷಾನುಗಟ್ಟಲೆ ಕೆಲಸ ಮಾಡಿದೋರಿಗೆ ಅದನ್ನ ಯಾರೂ ಗಮನಿಸ್ತಿಲ್ಲ ಅನ್ಸಿದಾಗ ನೋವಾಗೋದು ಸಹಜ. ಆದ್ರೆ ಇದರ ಕಾರಣ ನೀವು ಅಂದ್ಕೊಂಡಿರೋದೇ ಆಗಿರ್ಬೇಕು ಅಂತಿಲ್ಲ. ಪ್ಲಾಟ್‌ಫಾರ್ಮ್‌ಗೆ ನಿಮ್ಮ ಹತ್ತು ವರ್ಷ ಕಾಣ್ಸೋದೇ ಇಲ್ಲ, ಅದಕ್ಕೆ ಕಾಣೋದು ಇವತ್ತು ಹಾಕಿರೋ ಒಂದು ಪೋಸ್ಟ್, ಅದನ್ನ ನೋಡಿದ ಜನ ಏನ್ ಮಾಡಿದ್ರು ಅನ್ನೋದು, ಅಷ್ಟೆ. ಹಾಗಾಗಿ ನಮ್ಮ ಕೆಲಸ ಎರಡು. ಆ ಹತ್ತು ವರ್ಷ ಕಾಣೋ ಹಾಗೆ ಬಿಡಿ ಬಿಡಿ ಮಾಡಿ ಇಡೋದು, ಮತ್ತೆ ನಿಮ್ಮನ್ನ ಹೆಸರು ಹಿಡಿದು ಹುಡ್ಕೊಂಡು ಬರೋ ಓದುಗರಿಗೆ ಪ್ಲಾಟ್‌ಫಾರ್ಮ್ ಇಲ್ಲದೆ ಇನ್ನೊಂದು ದಾರಿ ಮಾಡೋದು.

ಇದು ಯಾಕೆ ಹೀಗಾಯ್ತು

ಇದನ್ನ ಬಿಟ್ಟು ನೇರ ಹಂತಗಳಿಗೆ ಹೋಗ್ಬೇಡಿ, ಕಾರಣ ಗೊತ್ತಿಲ್ದೇ ಮಾಡಿದ ರಿಪೇರಿ ನಿಲ್ಲಲ್ಲ.

ಬ್ಲಾಗ್‌ಗಳು ಜೋರಾಗಿದ್ದ ಕಾಲದಲ್ಲಿ ಓದುಗರು ಬರ್ತಿದ್ದಿದ್ದು ಫೀಡ್ ಮೂಲಕ. ಆರ್‌ಎಸ್‌ಎಸ್ ಅಂತ ಕೇಳಿರ್ತೀರ, ನಿಮ್ಮ ಬ್ಲಾಗ್‌ನಲ್ಲಿ ಹೊಸ ಬರಹ ಬಂದ ತಕ್ಷಣ ಓದುಗರ ಆಪ್‌ಗೆ ತಾನಾಗೇ ತಲುಪಿಸೋ ವ್ಯವಸ್ಥೆ ಅದು. ಹೆಚ್ಚಿನವರು ಅದಕ್ಕೆ ಬಳಸ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿಹೋಯ್ತು, ಅಲ್ಲಿದ್ದ ಎಷ್ಟೋ ಜನ ಇನ್ನೊಂದು ರೀಡರ್‌ಗೆ ಹೋಗ್ಲೇ ಇಲ್ಲ, ಸೋಷಿಯಲ್ ಮೀಡಿಯಾದಲ್ಲೇ ಸಿಗತ್ತಲ್ಲ ಅಂತ ಬಿಟ್ರು. 2016ರಲ್ಲಿ ಟ್ವಿಟರ್, ಇನ್‌ಸ್ಟಾಗ್ರಾಮ್ ಎರಡೂ ಸಮಯದ ಕ್ರಮ ಬಿಟ್ಟು ತಾವೇ ಆರಿಸಿ ತೋರಿಸೋಕೆ ಶುರು ಮಾಡಿದ್ವು. 2018ರ ಜನವರಿಲಿ ಫೇಸ್‌ಬುಕ್, ಪೇಜ್‌ಗಳಿಗಿಂತ ಸ್ನೇಹಿತರು ಮತ್ತೆ ಮನೆಯವರ ಪೋಸ್ಟ್‌ಗೇ ಹೆಚ್ಚು ಜಾಗ ಕೊಡ್ತೀವಿ ಅಂತ ಬಹಿರಂಗವಾಗೇ ಹೇಳ್ತು. ಬ್ಲಾಗ್‌ಗೆ ಅಂತ ಪೇಜ್ ಮಾಡ್ಕೊಂಡಿದ್ದವರಿಗೆ ಅಲ್ಲಿಂದಲೇ ಇಳಿಜಾರು.

ಅದಾದ ಮೇಲೆ ಬಂದಿದ್ದು ಇನ್ನೂ ದೊಡ್ಡ ಬದಲಾವಣೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ತನ್ನ ಶಿಫಾರಸು ವ್ಯವಸ್ಥೆ ಬಗ್ಗೆ ವಿವರಿಸಿದಾಗ, ಎಷ್ಟು ಫಾಲೋವರ್ಸ್ ಇದಾರೆ ಅನ್ನೋದಾಗ್ಲಿ ಹಿಂದಿನ ವೀಡಿಯೊ ಎಷ್ಟು ಓಡಿತ್ತು ಅನ್ನೋದಾಗ್ಲಿ ನೇರವಾಗಿ ಲೆಕ್ಕಕ್ಕೆ ಬರಲ್ಲ ಅಂತ ಹೇಳ್ತು. ಉಳಿದವರೂ ಅದೇ ದಾರಿ ಹಿಡಿದ್ರು. ಫೇಸ್‌ಬುಕ್ ಫೀಡ್‌ನಲ್ಲಿ ಸುಮಾರು 15% ನೀವು ಫಾಲೋ ಮಾಡದೇ ಇರೋ ಕಡೆಯಿಂದ ಬರತ್ತೆ, ಇನ್‌ಸ್ಟಾಗ್ರಾಮ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ, 2023ರ ಕೊನೆಗೆ ಇದು ಎರಡರಷ್ಟಕ್ಕಿಂತ ಹೆಚ್ಚಾಗತ್ತೆ ಅಂತ ಎರಡನ್ನೂ ನಡೆಸೋ ಮೆಟಾ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2022ರಲ್ಲಿ ಹೇಳಿದ್ರು. 2023ರ ಮಾರ್ಚ್‌ನಲ್ಲಿ ಟ್ವಿಟರ್ ತನ್ನ ಶಿಫಾರಸು ಕೋಡ್ ಬಿಚ್ಚಿಟ್ಟಾಗ, 'ಫಾರ್ ಯು' ಪುಟದಲ್ಲಿ ಸರಾಸರಿ ಅರ್ಧದಷ್ಟು ನೀವು ಫಾಲೋ ಮಾಡದೇ ಇರೋರ ಪೋಸ್ಟ್ ಅಂತ ಗೊತ್ತಾಯ್ತು. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ಚಿಕ್ಕ ಅಕೌಂಟ್‌ಗಳಿಗೂ ಸಮನಾದ ಅವಕಾಶ ಸಿಗೋ ಹಾಗೆ ಬದಲಾಯಿಸ್ತಿದೀವಿ ಅಂತ ಪ್ರಕಟಿಸ್ತು. ಅಂದ್ರೆ ಹೊಸಬರು ಮೇಲೆ ಬರ್ತಿರೋದು ಗುಟ್ಟಿನ ಸಂಚೇನಲ್ಲ, ಹೇಳಿಯೇ ಮಾಡ್ತಿರೋ ಕೆಲಸ.

ಇದರ ಜೊತೆಗೆ ಕೋಲ್ಡ್ ಸ್ಟಾರ್ಟ್ ಅಂತ ಒಂದಿದೆ. ಹೊಸ ಅಕೌಂಟ್ ಬಗ್ಗೆ ಸಿಸ್ಟಮ್‌ಗೆ ಏನೂ ಗೊತ್ತಿರಲ್ಲ, ಗೊತ್ತು ಮಾಡ್ಕೋಬೇಕು ಅಂದ್ರೆ ಒಂದಷ್ಟು ಜನರ ಮುಂದೆ ಇಟ್ಟು ನೋಡ್ಲೇಬೇಕು. ಹೊಸಬರಿಗೆ ಸಿಗೋ ಆ ಮೊದಲ ಅಲೆ ಬಹುಮಾನ ಅಲ್ಲ, ಪರೀಕ್ಷೆ. ನಿಮ್ಮ ವಿಷಯದಲ್ಲಿ ಆ ಪರೀಕ್ಷೆ ಯಾವತ್ತೋ ಮುಗಿದಿದೆ. ಅದೂ ಅಲ್ದೆ ನಿಮ್ಮನ್ನ ಏಳೆಂಟು ವರ್ಷದ ಹಿಂದೆ ಫಾಲೋ ಮಾಡಿದೋರಲ್ಲಿ ಎಷ್ಟೋ ಜನ ಈಗ ಆ ಆಪ್ ತೆಗೆಯೋದೇ ಇಲ್ಲ, ತೆಗೆದ್ರೂ ಅವರ ಆಸಕ್ತಿ ಬದಲಾಗಿದೆ, ಪೋಸ್ಟ್ ಕಂಡ್ರೂ ದಾಟಿಸ್ಕೊಂಡು ಹೋಗ್ತಾರೆ, ಆ ದಾಟಿಸೋದು ಸಿಸ್ಟಮ್‌ಗೆ 'ಇದು ಬೇಡ' ಅನ್ನೋ ಸುಳಿವು ಕೊಡತ್ತೆ. ಫಾಲೋವರ್ ಸಂಖ್ಯೆ ದೊಡ್ಡದಾಗಿದ್ದೂ ರೀಚ್, ಅಂದ್ರೆ ಪೋಸ್ಟ್ ನಿಜವಾಗಿ ತಲುಪಿದ ಜನರ ಸಂಖ್ಯೆ, ಸಣ್ಣದಾಗಿರೋದು ಹೀಗೆ. ಬಾವಿಲಿ ನೀರಿದೆ, ಹಗ್ಗ ಸವೆದಿದೆ.

ಏನೇನ್ ಬೇಕು

ಒಂದು ಸ್ಪ್ರೆಡ್‌ಶೀಟ್, ಇಲ್ಲಾಂದ್ರೆ ನೋಟ್‌ಬುಕ್ಕೇ ಸಾಕು. ಬ್ಲಾಗ್‌ನ ಅಡ್ಮಿನ್ ಲಾಗಿನ್. ಗೂಗಲ್ ಸರ್ಚ್ ಕನ್ಸೋಲ್, ಅಂದ್ರೆ ಗೂಗಲ್‌ನಲ್ಲಿ ಜನ ಏನು ಹುಡ್ಕಿ ನಿಮ್ಮ ಬ್ಲಾಗ್‌ಗೆ ಬಂದ್ರು ಅಂತ ತೋರಿಸೋ ಉಚಿತ ಟೂಲ್, ಇದಕ್ಕೆ ಬ್ಲಾಗ್ ಇನ್ನೂ ಸೇರಿಸಿಲ್ಲ ಅಂದ್ರೆ ಇವತ್ತೇ ಸೇರಿಸಿ, ಡೇಟಾ ಬರೋಕೆ ಕೆಲವು ದಿನ ಹಿಡಿಯತ್ತೆ. ಇನ್‌ಸ್ಟಾಗ್ರಾಮ್ ಬಳಸೋರು ಅಕೌಂಟನ್ನ ಪ್ರೊಫೆಷನಲ್‌ಗೆ ಬದಲಾಯಿಸ್ಕೊಳ್ಳಿ, ಇಲ್ದಿದ್ರೆ ಇನ್‌ಸೈಟ್ಸ್, ಅಂದ್ರೆ ಪೋಸ್ಟ್ ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ, ಸಿಗಲ್ಲ. ಆಮೇಲೆ ಮೂರು ತಿಂಗಳ ತಾಳ್ಮೆ. ಒಂದು ವಾರದಲ್ಲಿ ಫಲ ಬೇಕು ಅನ್ನೋರಿಗೆ ಇದು ಆಗಿಬರಲ್ಲ.

ಹಂತ 1: ಅನಿಸಿಕೆನ ಲೆಕ್ಕಕ್ಕೆ ಇಳಿಸಿ

'ಯಾರೂ ಓದ್ತಿಲ್ಲ' ಅನ್ನೋದು ಅನಿಸಿಕೆ. ಅದನ್ನ ಮೂರು ಬೇರೆ ಬೇರೆ ಸಂಖ್ಯೆಯಾಗಿ ಒಡೀಬೇಕು.

ಮೊದಲನೇದು, ನಿಮ್ಮ ಕೊನೇ ಇಪ್ಪತ್ತು ಪೋಸ್ಟ್‌ಗಳ ಇನ್‌ಸೈಟ್ಸ್ ತೆಗೆದು ನೋಡಿ, ನೋಡಿದೋರಲ್ಲಿ ಫಾಲೋವರ್ಸ್ ಎಷ್ಟು, ಫಾಲೋ ಮಾಡದೇ ಇರೋರು ಎಷ್ಟು ಅಂತ ಬರ್ಕೊಳ್ಳಿ. ಫಾಲೋವರ್ಸ್‌ಗೇ ತಲುಪ್ತಿಲ್ಲ ಅಂದ್ರೆ ಹಳೇ ಸಂಬಂಧ ಸಡಿಲ ಆಗಿದೆ, ನಿಮಗೆ ಹಂತ 3 ಮುಖ್ಯ. ಫಾಲೋವರ್ಸ್‌ಗೆ ತಲುಪ್ತಿದೆ, ಹೊರಗಿನವರಿಗೆ ಹೋಗ್ತಿಲ್ಲ ಅಂದ್ರೆ ನೀವು ಬರೀತಿರೋದು ಒಳಗಿನವರಿಗೆ ಮಾತ್ರ ಅರ್ಥ ಆಗ್ತಿದೆ, ನಿಮಗೆ ಹಂತ 5 ಮುಖ್ಯ. ಈ ಎರಡು ತೊಂದರೆಗೆ ಮದ್ದು ಬೇರೆ ಬೇರೆ, ಹೆಚ್ಚಿನವರು ಇಲ್ಲೇ ಎಡವೋದು, ಎರಡಕ್ಕೂ 'ಇನ್ನೂ ಜಾಸ್ತಿ ಪೋಸ್ಟ್ ಹಾಕೋಣ' ಅನ್ನೋ ಒಂದೇ ಮದ್ದು ಹಾಕ್ತಾರೆ.

ಎರಡನೇದು, ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ 16 ತಿಂಗಳ ಅವಧಿ ಆರಿಸಿ, ಅದು ಇಟ್ಕೊಂಡಿರೋದೇ ಅಷ್ಟು. ಯಾವ ಪುಟಗಳಿಗೆ ಜನ ಬರ್ತಿದಾರೆ ನೋಡಿ. ತುಂಬಾ ಜನ ಹಳೇ ಬ್ಲಾಗರ್‌ಗಳಿಗೆ ಇಲ್ಲಿ ಆಶ್ಚರ್ಯ ಕಾದಿರತ್ತೆ, ಸೋಷಿಯಲ್ ಮೀಡಿಯಾದಲ್ಲಿ ಸತ್ತುಹೋಗಿದೆ ಅಂದ್ಕೊಂಡಿದ್ದ ಬರಹ ಇಲ್ಲಿ ದಿನಾ ಓದಿಸ್ಕೊಳ್ತಾ ಇರತ್ತೆ. ಲೈಕ್ ಇಲ್ಲ ಅಂತ ಓದಿಲ್ಲ ಅಂತಲ್ಲ.

ಮೂರನೇದು, ಕಳೆದ ಮೂರು ತಿಂಗಳಲ್ಲಿ ನಿಮಗೆ ಬಂದ ಮೇಲ್, ಮೆಸೇಜ್, ಉದ್ದದ ಕಾಮೆಂಟ್‌ಗಳನ್ನ ಎಣಿಸಿ. ಇದು ಯಾವ ಡ್ಯಾಶ್‌ಬೋರ್ಡಲ್ಲೂ ಬರಲ್ಲ, ಆದ್ರೆ ನನ್ನ ಪ್ರಕಾರ ಹಳೇ ಬ್ಲಾಗರ್‌ಗೆ ಅತಿ ಮುಖ್ಯವಾದ ಲೆಕ್ಕ ಇದೇ.

ಎಚ್ಚರಿಕೆ: ಹೊಸಬರ ಲೈಕ್ ಸಂಖ್ಯೆನ ನಿಮ್ಮ ಶೀಟಲ್ಲಿ ಬರೀಬೇಡಿ. ನಿಮ್ಮ ಕಣ್ಣಿಗೆ ಬೀಳೋದು ಪರೀಕ್ಷೆ ಪಾಸಾದ ಹೊಸಬರು ಮಾತ್ರ. ಅವರ ಜೊತೆಗೇ ಶುರು ಮಾಡಿ ಹತ್ತು ಜನಕ್ಕೂ ತಲುಪದೆ ಕೈಬಿಟ್ಟ ಹೊಸಬರು ಲೆಕ್ಕವಿಲ್ಲದಷ್ಟಿದಾರೆ, ಅವರು ನಿಮಗೆ ಕಾಣೋದೇ ಇಲ್ಲ. ಗೆದ್ದವರನ್ನ ಮಾತ್ರ ನೋಡಿ ಹೊಸಬರಿಗೆಲ್ಲ ಸುಲಭ ಅಂದ್ಕೊಳ್ಳೋದು ಅವರಿಗೂ ಅನ್ಯಾಯ, ನಿಮ್ಮ ಮನಸ್ಸಿಗೂ ಹಿಂಸೆ.

ಹಂತ 2: ಅಕೌಂಟ್‌ಗೆ ಏನಾದ್ರೂ ತೊಡಕಿದ್ಯಾ ನೋಡಿ

ಇದು ಬೇಗ ಮುಗಿಯತ್ತೆ. ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ ಸ್ಟೇಟಸ್' ಅಂತ ಇದೆ, ನಿಮ್ಮ ಪೋಸ್ಟ್‌ಗಳನ್ನ ಫಾಲೋ ಮಾಡದೇ ಇರೋರಿಗೆ ಶಿಫಾರಸು ಮಾಡೋಕೆ ಅಡ್ಡಿ ಇದ್ಯಾ ಅಂತ ಅದು ಹೇಳತ್ತೆ. ಅಡ್ಡಿ ಇದ್ರೆ ಯಾವ ಪೋಸ್ಟ್‌ನಿಂದ ಅಂತಲೂ ತೋರಿಸತ್ತೆ, ತೆಗೆದುಹಾಕ್ಬಹುದು ಇಲ್ಲ ಮರುಪರಿಶೀಲನೆ ಕೇಳ್ಬಹುದು. ಹಳೇ ಅಕೌಂಟ್‌ಗಳಲ್ಲಿ ಇನ್ನೊಂದು ಇರತ್ತೆ, ಯಾವತ್ತೋ ಅನುಮತಿ ಕೊಟ್ಟು ಮರೆತ ಹೊರಗಿನ ಆಪ್‌ಗಳು, ತಾವೇ ಪೋಸ್ಟ್ ಹಾಕೋವು, ತಾವೇ ಫಾಲೋ ಮಾಡೋವು. ಎಲ್ಲಾ ಕಿತ್ತುಹಾಕಿ. ಬಯೋದಲ್ಲಿರೋ ಲಿಂಕ್ ಒತ್ತಿ ನೋಡಿ, ನಿಜವಾಗ್ಲೂ ತೆರೆಯತ್ತಾ? ಬ್ಲಾಗನ್ನ ಮೊಬೈಲಲ್ಲಿ, ಬೇರೆಯವರ ಮೊಬೈಲಲ್ಲಿ, ತೆಗೆದು ಓದಿ. ಹಳೇ ಟೆಂಪ್ಲೇಟ್‌ಗಳಲ್ಲಿ ಅಕ್ಷರ ಇರುವೆ ಹಾಗೆ ಕಾಣತ್ತೆ, ಬಂದೋರು ಅಲ್ಲಿಂದಲೇ ವಾಪಸ್ ಹೋಗ್ತಾರೆ.

'ಶ್ಯಾಡೋಬ್ಯಾನ್' ಅಂತ ಎಲ್ರೂ ಮಾತಾಡ್ತಾರಲ್ಲ, ಅಂದ್ರೆ ಹೇಳದೆ ಕೇಳದೆ ಅಕೌಂಟನ್ನ ಮರೆ ಮಾಡೋದು, ಅದನ್ನ ತೆಗೆದುಕೊಡ್ತೀವಿ ಅಂತ ದುಡ್ಡು ಕೇಳೋರನ್ನ ನಂಬ್ಬೇಡಿ, ಪಾಸ್‌ವರ್ಡ್ ಅಂತೂ ಯಾವ ಕಾರಣಕ್ಕೂ ಕೊಡ್ಬೇಡಿ. ಫಾಲೋವರ್ಸ್ ಕೊಂಡ್ಕೊಳ್ಳೋದೂ ಅಷ್ಟೆ. ನೋಡದೇ ಇರೋ ಫಾಲೋವರ್ಸ್ ಜಾಸ್ತಿ ಆದಷ್ಟೂ ಈಗಿರೋ ತೊಂದರೆ ಇನ್ನೂ ಹೆಚ್ಚಾಗತ್ತೆ.

ಹಂತ 3: ಹಳೇ ಓದುಗರಿಗೆ ನೇರ ದಾರಿ ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡ್ತೀನಿ ಅಂದ್ರೆ ಇದನ್ನ ಮಾಡಿ.

ನಿಮ್ಮ ಬ್ಲಾಗ್ ಗೂಗಲ್‌ನ 'ಬ್ಲಾಗರ್' (ಬ್ಲಾಗ್‌ಸ್ಪಾಟ್) ಸೇವೆಯಲ್ಲಿದ್ದು, ಬದಿಯಲ್ಲಿ 'ಫಾಲೋ ಬೈ ಈಮೇಲ್' ಅನ್ನೋ ಡಬ್ಬಿ ಇಟ್ಕೊಂಡಿದ್ರಾ? ಅದು ನಡೀತಿದ್ದಿದ್ದು ಗೂಗಲ್‌ನ ಫೀಡ್‌ಬರ್ನರ್ ಮೇಲೆ, 2021ರಲ್ಲಿ ಗೂಗಲ್ ಆ ಈಮೇಲ್ ಸೇವೆ ನಿಲ್ಲಿಸ್ತು. ಅಂದ್ರೆ ಅವತ್ತಿನಿಂದ ನಿಮ್ಮ ಅತಿ ನಿಷ್ಠೆಯ ಓದುಗರಿಗೆ ನಿಮ್ಮ ಬರಹ ಹೋಗ್ತಾನೇ ಇಲ್ಲ. ಅವರು ನಿಮ್ಮನ್ನ ಬಿಟ್ಟಿಲ್ಲ, ನೀವೇ ಬರೆಯೋದು ನಿಲ್ಲಿಸಿದ್ರಿ ಅಂತ ಅವರು ಅಂದ್ಕೊಂಡಿರ್ಬಹುದು. ಇದನ್ನ ತಿಳಿದಾಗ ಎಷ್ಟೋ ಜನರ ಬೇಜಾರು ಅರ್ಧ ಇಳಿದಿದೆ. ಆಗ ಆ ಪಟ್ಟಿನ ಡೌನ್‌ಲೋಡ್ ಮಾಡಿಟ್ಕೊಂಡಿದ್ರೆ ಹುಡುಕಿ ತೆಗೀರಿ.

ಮಾಡೋ ಕ್ರಮ ಹೀಗೆ. ಒಂದು ನ್ಯೂಸ್‌ಲೆಟರ್ ಸೇವೆ ಆರಿಸಿ, ನ್ಯೂಸ್‌ಲೆಟರ್ ಅಂದ್ರೆ ಬರಹನ ಈಮೇಲ್ ಆಗಿ ಕಳಿಸೋದು, ಸಬ್‌ಸ್ಟ್ಯಾಕ್, ಮೇಲ್‌ಚಿಂಪ್ ತರದವು ಇವೆ. ಯಾವುದನ್ನೇ ಆರಿಸಿದ್ರೂ ಓದುಗರ ಪಟ್ಟಿನ ಫೈಲ್ ಆಗಿ ಹೊರಗೆ ತೆಗ್ಯೋಕೆ ಬಿಡತ್ತಾ ಅನ್ನೋದನ್ನ ಮೊದ್ಲು ನೋಡಿ, ಬಿಡಲ್ಲ ಅಂದ್ರೆ ಅದು ಬೇಡ. ಸೇರ್ಕೊಳ್ಳೋ ಫಾರ್ಮನ್ನ ಬ್ಲಾಗ್‌ನ ಮೂಲೇಲಿ ಇಡ್ಬೇಡಿ, ಹಂತ 1ರಲ್ಲಿ ಸರ್ಚ್‌ನಿಂದ ಜನ ಬರ್ತಿರೋ ಪುಟಗಳು ಸಿಕ್ಕಿದ್ವಲ್ಲ, ಆ ಒಂದೊಂದು ಪುಟದ ಕೊನೇಲೂ ಹಾಕಿ, ಪೂರ್ತಿ ಓದಿ ಮುಗಿಸಿದೋರು ಅಲ್ಲಿರ್ತಾರೆ. ಆರ್‌ಎಸ್‌ಎಸ್ ಫೀಡ್ ಈಗ್ಲೂ ಕೆಲಸ ಮಾಡ್ತಿದ್ಯಾ ನೋಡಿ, ಅದರ ಲಿಂಕನ್ನ ಕಾಣೋ ಜಾಗದಲ್ಲಿ ಇಡಿ, ಬಳಸೋರು ಕಡಿಮೆ ಇರ್ಬಹುದು, ಆದ್ರೆ ಬಳಸೋರು ನಿಜವಾದ ಓದುಗರು.

ಎಚ್ಚರಿಕೆ ಕೆಲವಿದೆ. ಕೇಳದೆ ಯಾರನ್ನೂ ಪಟ್ಟಿಗೆ ಸೇರಿಸ್ಬೇಡಿ, ಹಿಂದೆ ಕಾಮೆಂಟ್ ಮಾಡಿದ್ರು ಅಂತ ಅವರ ಮೇಲ್ ಐಡಿ ಎತ್ತಿ ಹಾಕೋದು ತಪ್ಪು. ಹಳೇ ಪಟ್ಟಿ ಸಿಕ್ಕಿದ್ರೆ ಒಂದೇ ಒಂದು ಮೇಲ್ ಕಳಿಸಿ, 'ನೀವು ಇಂಥ ಬ್ಲಾಗ್‌ಗೆ ಸೇರಿದ್ರಿ, ಮಧ್ಯದಲ್ಲಿ ಮೇಲ್ ನಿಂತುಹೋಗಿತ್ತು, ಮತ್ತೆ ಬೇಕು ಅಂದ್ರೆ ಇಲ್ಲಿ ಒತ್ತಿ' ಅಂತ, ಒತ್ತದೇ ಇರೋರನ್ನ ಬಿಟ್ಬಿಡಿ. ಪ್ರತಿ ಮೇಲ್‌ನಲ್ಲೂ ಹೊರಗೆ ಹೋಗೋ ಲಿಂಕ್ ಇರ್ಲೇಬೇಕು. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ಒಂದೇ ಕ್ಲಿಕ್ಕಲ್ಲಿ ಹೊರಗೆ ಹೋಗೋ ಸೌಲಭ್ಯ ಕಡ್ಡಾಯ ಮಾಡಿದೆ, ಸ್ಪ್ಯಾಮ್ ದೂರು 0.3% ಮುಟ್ಟಬಾರ್ದು ಅಂತಲೂ ಹೇಳಿದೆ. ನೀವು ಅಷ್ಟು ಕಳಿಸ್ದೇ ಇರ್ಬಹುದು, ಆದ್ರೂ ಆ ಶಿಸ್ತು ಈಗಿಂದಲೇ ಇರಲಿ.

ವಾಟ್ಸಾಪ್ ಚಾನೆಲ್ ಸಾಕಲ್ವಾ, ಇನ್‌ಸ್ಟಾಗ್ರಾಮ್ ಬ್ರಾಡ್‌ಕಾಸ್ಟ್ ಚಾನೆಲ್ ಸಾಕಲ್ವಾ ಅಂತ ಕೇಳ್ತೀರ. ಇಟ್ಕೊಳ್ಳಿ, ಓದುಗರು ಅಲ್ಲಿದ್ರೆ ಒಳ್ಳೇದೇ. ಆದ್ರೆ ಅಲ್ಲಿ ಸೇರಿದೋರ ಪಟ್ಟಿ ನಿಮ್ಮ ಕೈಗೆ ಸಿಗಲ್ಲ, ನಾಳೆ ಆ ಸೌಲಭ್ಯ ನಿಂತ್ರೆ ಫೀಡ್‌ಬರ್ನರ್ ಕಥೆನೇ ಮತ್ತೆ.

ಹಂತ 4: ಹಳೇ ಬರಹಗಳನ್ನ ವಿಂಗಡಿಸಿ

ಹೊಸಬರ ಹತ್ರ ಇಲ್ಲದೇ ಇರೋದು, ನಿಮ್ಮ ಹತ್ರ ರಾಶಿ ಇರೋದು ಇದೊಂದೇ. ಎಲ್ಲಾ ಬರಹಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಒಂದು ಗುರುತು ಹಾಕ್ತಾ ಹೋಗಿ. ಇವತ್ತಿಗೂ ಹಾಗೇ ನಿಲ್ಲೋವು. ಸ್ವಲ್ಪ ತಿದ್ದಿದ್ರೆ ನಿಲ್ಲೋವು. ಕಾಲ ಮುಗಿದವು. ಮೂರನೇ ಗುಂಪನ್ನ ಏನೂ ಮಾಡ್ಬೇಡಿ, ಹಾಗೇ ಇರಲಿ, ಅವತ್ತಿನ ದಾಖಲೆ ಅದು. ತಪ್ಪು ಮಾಹಿತಿ ಕೊಟ್ಟು ಯಾರಿಗಾದ್ರೂ ಹಾನಿ ಮಾಡೋ ಹಾಗಿದ್ರೆ ಮಾತ್ರ ಮೇಲೆ ಒಂದು ಸಾಲಿನ ಸೂಚನೆ ಹಾಕಿ.

ಎರಡನೇ ಗುಂಪಲ್ಲೇ ಕೆಲಸ ಇರೋದು. ಸರ್ಚ್‌ನಿಂದ ಜನ ಬರ್ತಿರೋ ಪುಟಗಳಿಂದ ಶುರು ಮಾಡಿ, ಮುರಿದ ಲಿಂಕ್ ಸರಿಮಾಡಿ, ಹಳೇ ಮಾಹಿತಿ ಬದಲಾಯಿಸಿ, ಏನು ಯಾವಾಗ ತಿದ್ದಿದೆ ಅಂತ ಕೊನೇಲಿ ಬರೀರಿ, ಮೊದಲ ಪ್ಯಾರಾದಲ್ಲಿ ಸುತ್ತು ಬಳಸು ಜಾಸ್ತಿ ಇದ್ರೆ ಕತ್ತರಿಸಿ. ತಿಂಗಳಿಗೆ ನಾಲ್ಕು ಬರಹ ಆದ್ರೂ ಸಾಕು.

ಇಲ್ಲಿ ಎರಡು ಹೊಂಡ ಇದೆ. ಒಂದು, ಒಳಗೇನೂ ಬದಲಾಯಿಸ್ದೆ ತಾರೀಕು ಮಾತ್ರ ಹೊಸದು ಮಾಡೋದು, ಇಲ್ಲ 'ಬ್ಲಾಗ್ ಫ್ರೆಶ್ ಆಗಿ ಕಾಣಲಿ' ಅಂತ ಹಳೇದನ್ನೆಲ್ಲ ಅಳಿಸಿಹಾಕೋದು. ಇದರಿಂದ ರ‍್ಯಾಂಕ್ ಏರಲ್ಲ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ನೇರವಾಗಿ ಬರೆದಿದೆ. ಇನ್ನೊಂದು, ತಿದ್ದೋವಾಗ ಪುಟದ ವಿಳಾಸ ಬದಲಾಯಿಸಿಬಿಡೋದು. ವರ್ಷಗಳಿಂದ ಬೇರೆಯವರು ಕೊಟ್ಟಿರೋ ಲಿಂಕ್ ಎಲ್ಲಾ ಆ ವಿಳಾಸಕ್ಕೇ ಬಂದು ಸೇರೋದು. ಬದಲಾಯಿಸ್ಲೇಬೇಕು ಅಂದ್ರೆ 301 ರೀಡೈರೆಕ್ಟ್ ಹಾಕಿ, ಅಂದ್ರೆ ಹಳೇ ವಿಳಾಸಕ್ಕೆ ಬಂದೋರನ್ನ ಶಾಶ್ವತವಾಗಿ ಹೊಸ ವಿಳಾಸಕ್ಕೆ ಕಳಿಸೋ ಸೂಚನೆ, ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲೇ ಇದೆ, ವರ್ಡ್‌ಪ್ರೆಸ್‌ಗೆ ಪ್ಲಗಿನ್ ಸಿಗತ್ತೆ.

ಹಂತ 5: ಅಪರಿಚಿತರಿಗೆ ಅಂತ ಬರೀರಿ

ಇದು ಕಷ್ಟದ ಹಂತ, ಯಾಕಂದ್ರೆ ಇಲ್ಲಿ ಬದಲಾಗ್ಬೇಕಾಗಿರೋದು ಅಭ್ಯಾಸ. ಬಹಳ ವರ್ಷ ಬರೆದೋರಿಗೆ ಓದುಗರ ಜೊತೆ ಒಂದು ಸಲುಗೆ ಬಂದಿರತ್ತೆ, ಆ ಸಲುಗೆಯಲ್ಲೇ ಬರಹ ಶುರುವಾಗತ್ತೆ. ಬ್ಲಾಗ್‌ನಲ್ಲಿ ಅದು ಚಂದ. ಆದ್ರೆ ಫೀಡ್‌ನಲ್ಲಿ ನಿಮ್ಮ ಪೋಸ್ಟ್ ಸಿಗೋದು ನೀವು ಯಾರು ಅಂತಲೇ ಗೊತ್ತಿಲ್ಲದವರ ಕೈಗೆ, ಅದೂ ಬೇರೆ ಎರಡು ಪೋಸ್ಟ್‌ಗಳ ಮಧ್ಯೆ.

ಕ್ಯಾಮೆರಾ ಬಗ್ಗೆ ಬರೆಯೋರ ಒಂದು ಪೋಸ್ಟ್ ಹೀಗೆ ಶುರುವಾಗತ್ತೆ ಅಂದ್ಕೊಳ್ಳಿ: "ಹಳೇ ಲೆನ್ಸ್‌ಗಳ ಬಗ್ಗೆ ನನ್ನ ನಿಲುವು ನಿಮಗೆಲ್ಲ ಗೊತ್ತೇ ಇದೆ. ಕಳೆದ ಭಾಗದಲ್ಲಿ ಹೇಳಿದ ವಿಷಯದ ಮುಂದುವರಿಕೆ ಇವತ್ತು ಬ್ಲಾಗ್‌ನಲ್ಲಿದೆ, ಲಿಂಕ್ ಕೆಳಗೆ." ಅಪರಿಚಿತರಿಗೆ ಇದರಲ್ಲಿ ಏನೂ ಸಿಗಲ್ಲ. ಅದೇ ಬರಹದ ಒಳಗಿಂದ ಒಂದು ತುಣುಕು ಎತ್ತಿ ಹೀಗೆ ಹಾಕಿ: "ಹಳೇ ಲೆನ್ಸ್ ಒಳಗೆ ಮಸುಕಾಗಿ ಕಂಡ್ರೆ ಅದು ಯಾವಾಗ್ಲೂ ಧೂಳಲ್ಲ. ಒಂದು ಬದಿಯಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ತರ ಎಳೆ ಎಳೆಯಾಗಿ ಕಂಡ್ರೆ ಫಂಗಸ್. ಅದನ್ನ ಬೇರೆ ಲೆನ್ಸ್‌ಗಳ ಜೊತೆ ತೇವ ಇರೋ ಕಡೆ ಇಡ್ಬೇಡಿ." ನೀವು ಯಾರು ಅಂತ ಗೊತ್ತಿಲ್ದೇ ಇದ್ರೂ ಇದು ಉಪಯೋಗಕ್ಕೆ ಬರತ್ತೆ, ಕ್ಯಾಮೆರಾ ಇರೋ ಸ್ನೇಹಿತರಿಗೆ ಕಳಿಸ್ಬೇಕು ಅನ್ಸತ್ತೆ. ಈ ಕಳಿಸೋದು ತುಂಬಾ ಮುಖ್ಯ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಲಿ ಹೇಳಿದ ಮೂರು ಮುಖ್ಯ ಸುಳಿವುಗಳು ಎಷ್ಟು ಹೊತ್ತು ನೋಡಿದ್ರು, ನೋಡಿದೋರಲ್ಲಿ ಎಷ್ಟು ಜನ ಲೈಕ್ ಮಾಡಿದ್ರು, ಎಷ್ಟು ಜನ ಬೇರೆಯವರಿಗೆ ಕಳಿಸಿದ್ರು. ಹೊಸ ಜನರಿಗೆ ತಲುಪ್ಬೇಕು ಅಂದ್ರೆ ಕೊನೇದಕ್ಕೆ ತೂಕ ಜಾಸ್ತಿ.

ಹಾಗಾಗಿ ಹಂತ 4ರಲ್ಲಿ ಮೊದಲ ಎರಡು ಗುಂಪಿಗೆ ಬಿದ್ದ ಒಂದೊಂದು ಬರಹನೂ ತೆಗೆದು ಕೇಳ್ಕೊಳ್ಳಿ, ಇದರಲ್ಲಿ ತಾನೇ ತಾನಾಗಿ ನಿಲ್ಲೋ ತುಣುಕು ಎಷ್ಟಿದೆ? ಒಂದು ಒಳ್ಳೇ ಉದ್ದ ಬರಹದಲ್ಲಿ ನಾಲ್ಕೈದು ಸಿಗತ್ತೆ. ಒಂದು ತುಣುಕಿಗೆ ಒಂದೇ ವಿಷಯ. ಮೊದಲ ಸಾಲಲ್ಲೇ ವಿಷಯ ಬಂದಿರ್ಬೇಕು. ಹಿಂದಿನದು ಓದಿದ್ರೆ ಮಾತ್ರ ಅರ್ಥ ಆಗೋ ಪದ ಇರ್ಬಾರ್ದು. ಪೋಸ್ಟ್ ಒಳಗೇ ಪೂರ್ತಿ ಉಪಯೋಗ ಸಿಗ್ಬೇಕು, ಬ್ಲಾಗ್‌ಗೆ ಹೋಗೋದು ಇನ್ನೂ ಆಳ ಬೇಕು ಅನ್ನೋರಿಗೆ.

ಲಿಂಕ್ ವಿಷಯದಲ್ಲಿ ಎಚ್ಚರ. ಬ್ಲಾಗರ್‌ಗಳ ಹಳೇ ರೂಢಿ ಅಂದ್ರೆ ಎರಡು ಸಾಲು ಬರೆದು ಲಿಂಕ್ ಅಂಟಿಸೋದು. ಪ್ಲಾಟ್‌ಫಾರ್ಮ್‌ಗಳಿಗೆ ಜನ ಹೊರಗೆ ಹೋಗೋದು ಇಷ್ಟ ಇಲ್ಲ. ಎಕ್ಸ್‌ನಲ್ಲಿ, ಅಂದ್ರೆ ಹಳೇ ಟ್ವಿಟರ್‌ನಲ್ಲಿ, ಮುಖ್ಯ ಪೋಸ್ಟಲ್ಲಿ ವಿವರ ಬರೆದು ಲಿಂಕನ್ನ ರಿಪ್ಲೈನಲ್ಲಿ ಹಾಕಿ ಅಂತ ಅದರ ಮಾಲೀಕ ಇಲಾನ್ ಮಸ್ಕ್ 2024ರ ನವೆಂಬರ್‌ನಲ್ಲಿ ತಾವೇ ಹೇಳಿದಾರೆ. ನನಗೆ ಇದು ಸರಿ ಅನ್ಸಲ್ಲ, ವೆಬ್ ನಿಂತಿರೋದೇ ಲಿಂಕ್ ಮೇಲೆ. ಆದ್ರೂ ಅಲ್ಲಿರೋವಷ್ಟು ದಿನ ಲಿಂಕ್ ಇಲ್ಲದೆಯೂ ನಿಲ್ಲೋ ಹಾಗೆ ಬರೀರಿ, ಲಿಂಕನ್ನ ಕಾಮೆಂಟ್‌ಗೋ ಬಯೋಗೋ ಹಾಕಿ.

ಹೊಸದಾಗಿ ಏನಾದ್ರೂ ಪ್ರಯತ್ನ ಮಾಡೋಕೆ ಹಳೇ ಫಾಲೋವರ್ಸ್ ಏನಂದ್ಕೊಳ್ತಾರೋ ಅಂತ ಸಂಕೋಚ ಇದ್ರೆ, ಇನ್‌ಸ್ಟಾಗ್ರಾಮ್ 2024ರ ಡಿಸೆಂಬರ್‌ನಲ್ಲಿ 'ಟ್ರಯಲ್ ರೀಲ್ಸ್' ತಂದಿದೆ, ಅದು ಮೊದ್ಲು ನಿಮ್ಮನ್ನ ಫಾಲೋ ಮಾಡದೇ ಇರೋರಿಗೆ ತೋರಿಸತ್ತೆ, ಚೆನ್ನಾಗಿ ಹೋದ್ರೆ ಎಲ್ರಿಗೂ ಬಿಡ್ಬಹುದು. ಹೊಸಬರಿಗೆ ಸಿಗೋ ಪರೀಕ್ಷೆ ನಿಮಗೂ ಸಿಕ್ಕ ಹಾಗೆ. ಯೂಟ್ಯೂಬ್‌ನ 'ಹೈಪ್' ಸೌಲಭ್ಯ, ಅಂದ್ರೆ ನೋಡುಗರೇ ಒಂದು ವೀಡಿಯೊನ ಮೇಲೆತ್ತೋ ಬಟನ್, ಬಂದಿದ್ದು 500 ರಿಂದ 5 ಲಕ್ಷ ಸಬ್‌ಸ್ಕ್ರೈಬರ್ ಇರೋ ಚಾನೆಲ್‌ಗಳಿಗೆ ಅಂತ, ಅದು ಚಾನೆಲ್ ಎಷ್ಟು ವರ್ಷದ್ದು ಅಂತ ಕೇಳಲ್ಲ. ಇದನ್ನ ಗಮನಿಸಿ, ಹೊಸಬರಿಗೆ ಅಂತ ನಾವಂದ್ಕೊಳ್ಳೋ ಎಷ್ಟೋ ಸೌಲಭ್ಯಗಳು ನಿಜವಾಗಿ ಚಿಕ್ಕವರಿಗೆ ಅಂತ ಇರೋದು, ಚಿಕ್ಕ ಹಳಬರು ಅದರಲ್ಲಿ ಬರ್ತಾರೆ.

ಇಷ್ಟೆಲ್ಲ ಹೇಳಿ ಒಂದು ಬೇಡಿಕೆ. ಟ್ರೆಂಡ್‌ನಲ್ಲಿರೋ ಹಾಡು, ಕಿರುಚಾಟದ ತಲೆಬರಹ, ನಿಮ್ಮದಲ್ಲದ ಧಾಟಿ ಇವನ್ನೆಲ್ಲ ಎರವಲು ತರ್ಬೇಡಿ. ಬದಲಾಗ್ಬೇಕಾಗಿರೋದು ಬಾಗಿಲು, ಒಳಗಿರೋ ದನಿ ಹಾಗೇ ಇರಲಿ, ಅದನ್ನ ಕೇಳ್ಕೊಂಡೇ ಹಳೇ ಓದುಗರು ಗುರುತು ಹಿಡಿಯೋದು. ಎಲ್ಲಾ ಪ್ಲಾಟ್‌ಫಾರ್ಮ್‌ಗೂ ಒಟ್ಟಿಗೆ ಹೋಗ್ಬೇಡಿ, ಒಂದನ್ನ ಆರಿಸಿ ಮೂರು ತಿಂಗಳು ಅಲ್ಲೇ ಇರಿ.

ಹಂತ 6: ಹೊಸಬರ ಜೊತೆ ಮಾತು ಶುರು ಮಾಡಿ

ನಿಮ್ಮ ವಿಷಯದಲ್ಲೇ ಬರೆಯೋ ಐದಾರು ಹೊಸಬರನ್ನ ಆರಿಸಿ, ಅವರದನ್ನ ನಿಜವಾಗ್ಲೂ ಓದಿ. ಚೆನ್ನಾಗಿದೆ ಅನ್ಸಿದ್ದಕ್ಕೆ ಯಾಕೆ ಚೆನ್ನಾಗಿದೆ ಅಂತ ಎರಡು ಸಾಲು ಬರೀರಿ, ನಿಮ್ಮ ಬ್ಲಾಗ್‌ನಿಂದ ಅವರಿಗೆ ಲಿಂಕ್ ಕೊಡಿ. ಹಳೇ ಬ್ಲಾಗ್‌ನಿಂದ ಬರೋ ಒಂದು ಲಿಂಕ್ ಹೊಸಬರಿಗೆ ಎಷ್ಟು ದೊಡ್ಡದು ಅಂತ ನೀವೂ ಹೊಸಬರಾಗಿದ್ದಾಗಿನ ದಿನ ನೆನೆಸ್ಕೊಂಡ್ರೆ ಗೊತ್ತಾಗತ್ತೆ. ಪರಿಚಯ ಆದ್ಮೇಲೆ ಜೊತೆಯಾಗಿ ಏನಾದ್ರೂ ಮಾಡೋಣ್ವಾ ಅಂತ ಕೇಳಿ. ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ 'ಕೊಲ್ಯಾಬ್' ಇದೆ, ಒಂದೇ ಪೋಸ್ಟ್ ಇಬ್ಬರ ಪ್ರೊಫೈಲಲ್ಲೂ ಕಾಣತ್ತೆ, ಇಬ್ಬರ ಓದುಗರಿಗೂ ಹೋಗತ್ತೆ. ಅವರಿಗೆ ರೀಚ್ ಇದೆ, ನಿಮಗೆ ಆಳ ಇದೆ, ಇಬ್ಬರಿಗೂ ಲಾಭ.

'ಇದನ್ನ ನಾನು ಎಷ್ಟೋ ವರ್ಷದ ಹಿಂದೇನೇ ಬರೆದಿದ್ದೆ' ಅಂತ ಅವರ ಕಾಮೆಂಟಲ್ಲಿ ಬರೀಬೇಡಿ, ಸತ್ಯ ಆಗಿದ್ರೂ ಬರೀಬೇಡಿ. ಅವರು ನಿಮ್ಮದನ್ನ ಓದೇ ಇರಲ್ಲ, ಓದೋಕೆ ಸಿಕ್ಕಿರಲ್ಲ. ನಿಜವಾಗ್ಲೂ ಕದ್ದಿದ್ರೆ ಅದು ಬೇರೆ ಮಾತು, ಆಗ ಸುಮ್ನಿರ್ಬೇಡಿ. ಮೊದ್ಲು ಅವರ ಪೋಸ್ಟ್‌ನ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ತೆಗೀರಿ, ಅವರಿಗೇ ಖಾಸಗಿಯಾಗಿ ಬರೀರಿ, ತೆಗೀಲಿಲ್ಲ ಅಂದ್ರೆ ಆ ಪ್ಲಾಟ್‌ಫಾರ್ಮ್‌ನ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ನೀವೇ ಮೊದ್ಲು ಬರೆದಿದ್ದು ಅನ್ನೋದಕ್ಕೆ ಸಾಕ್ಷಿಯಾಗಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ ಇದೆ, ಅದು ವೆಬ್ ಪುಟಗಳ ಹಳೇ ಪ್ರತಿಗಳನ್ನ ತಾರೀಕು ಸಮೇತ ಇಟ್ಟಿರತ್ತೆ. ಮುಖ್ಯವಾದ ಬರಹಗಳ ವಿಳಾಸನ ನೀವೇ ಅಲ್ಲಿ ಹಾಕಿ ಸೇವ್ ಮಾಡಿಸ್ಬಹುದು, ದುಡ್ಡು ಕೊಡ್ಬೇಕಿಲ್ಲ, ಇವತ್ತೇ ಮಾಡಿ.

ಹಂತ 7: ಆಹ್ವಾನ, ಕೆಲಸ ಹೊಸಬರಿಗೇ ಹೋಗ್ತಿದ್ರೆ

ಕಾರ್ಯಕ್ರಮಗಳಿಗೆ, ಜಾಹೀರಾತಿಗೆ, ಮಾತಾಡೋಕೆ ಹೊಸಬರನ್ನೇ ಕರೀತಾರೆ ಅನ್ನೋ ದೂರು ತುಂಬಾ ಇದೆ, ಇದರಲ್ಲಿ ಸತ್ಯನೂ ಇದೆ. ಕರೆಯೋರಿಗೆ ಸಮಯ ಇರಲ್ಲ, ಕಣ್ಣಿಗೆ ಬಿದ್ದ ಸಂಖ್ಯೆ ನೋಡಿ ಕರೀತಾರೆ. ನಿಮ್ಮ 'ನನ್ನ ಬಗ್ಗೆ' ಪುಟ ಯಾವ ವರ್ಷದ್ದು ಅಂತ ಒಮ್ಮೆ ನೋಡಿ. ಅಲ್ಲಿ ಈಗ ಏನು ಬರೀತೀರ, ಯಾವ ವಿಷಯದಲ್ಲಿ ಎಷ್ಟು ಕಾಲದಿಂದ ಇದೀರ, ನಿಮ್ಮ ಅತ್ಯುತ್ತಮ ಐದು ಬರಹ ಯಾವುದು, ಸಂಪರ್ಕ ಹೇಗೆ, ಇಷ್ಟು ಇರ್ಬೇಕು. ಹಂತ 1ರಲ್ಲಿ ಸಿಕ್ಕ ಸರ್ಚ್ ಲೆಕ್ಕ ಮತ್ತೆ ನ್ಯೂಸ್‌ಲೆಟರ್ ಓದುಗರ ಸಂಖ್ಯೆ ಹಾಕಿ ಒಂದು ಪುಟದ ಪರಿಚಯ ಪತ್ರ ಮಾಡಿಟ್ಕೊಳ್ಳಿ, ಇದನ್ನೇ ಮೀಡಿಯಾ ಕಿಟ್ ಅನ್ನೋದು. ಎಷ್ಟು ಜನ ಮೇಲ್ ತೆರೆದ್ರು ಅನ್ನೋ ಓಪನ್ ರೇಟ್ ಹಾಕ್ಬೇಡಿ, 2021ರಲ್ಲಿ ಆಪಲ್ ತನ್ನ ಮೇಲ್ ಆಪ್‌ನಲ್ಲಿ ಖಾಸಗಿತನದ ರಕ್ಷಣೆ ತಂದ ಮೇಲೆ ತೆರೆಯದೇ ಇದ್ದಿದ್ದೂ ತೆರೆದ ಹಾಗೆ ಲೆಕ್ಕ ಆಗತ್ತೆ. ಎಷ್ಟು ಜನ ಕ್ಲಿಕ್ ಮಾಡಿದ್ರು, ಎಷ್ಟು ಜನ ಉತ್ತರ ಬರೆದ್ರು ಅಂತ ಹಾಕಿ. ಆಮೇಲೆ ಕರೀಲಿ ಅಂತ ಕಾಯ್ದೆ ನೀವೇ ಬರೆದು ಕೇಳಿ. ಹಿರಿಯರಾಗಿ ಕೇಳೋದಾ ಅನ್ನೋ ಮುಜುಗರ ಬೇಡ, ಹೊಸಬರು ಎಷ್ಟೋ ಜನ ಕೇಳೇ ಪಡೀತಿದಾರೆ.

ಮೂರು ತಿಂಗಳಾದ್ಮೇಲೆ

ಹಂತ 1ರ ಶೀಟ್ ತೆಗೆದು ಅದೇ ಸಂಖ್ಯೆಗಳನ್ನ ಪಕ್ಕದ ಕಾಲಮ್ಮಲ್ಲಿ ಬರೀರಿ. ಮೇಲ್ ಪಟ್ಟಿ ಬೆಳೆದಿದ್ರೆ, ಉತ್ತರ ಬರೆಯೋರು ಜಾಸ್ತಿ ಆಗಿದ್ರೆ, ಲೈಕ್ ಇದ್ದಲ್ಲೇ ಇದ್ರೂ ಸರಿ ದಾರಿಲೇ ಇದೀರ, ಮುಂದುವರಿಸಿ. ಹೊರಗಿನವರ ರೀಚ್ ಏರಿದೆ, ಆದ್ರೆ ಯಾರೂ ಪಟ್ಟಿಗೆ ಸೇರ್ತಿಲ್ಲ ಅಂದ್ರೆ ತುಣುಕಿಗೂ ಬ್ಲಾಗ್‌ಗೂ ನಡುವಿನ ಸೇತುವೆ ಇಲ್ಲ, ಬಯೋ ಲಿಂಕ್ ಮತ್ತೆ ಫಾರ್ಮ್ ಇರೋ ಜಾಗ ಮತ್ತೆ ನೋಡಿ. ಎರಡೂ ಏರಿಲ್ಲ ಅಂದ್ರೆ ಪ್ಲಾಟ್‌ಫಾರ್ಮ್ ಬದಲಾಯಿಸಿ, ಬರಹ ಅಲ್ಲ.

ಒಂದು ಪ್ಲಾಟ್‌ಫಾರ್ಮ್ ಬಿಡೋದು ಅಂತ ತೀರ್ಮಾನ ಮಾಡಿದ್ರೆ ಸಿಟ್ಟಲ್ಲಿ ಅಕೌಂಟ್ ಡಿಲೀಟ್ ಮಾಡ್ಬೇಡಿ, ಆ ಹೆಸರು ಬೇರೆ ಯಾರೋ ತಗೊಂಡು ನಿಮ್ಮ ಹಾಗೆ ನಟಿಸೋ ಅಪಾಯ ಇರತ್ತೆ. ಮೊದ್ಲು ಸೆಟ್ಟಿಂಗ್ಸ್‌ನಿಂದ ನಿಮ್ಮ ಡೇಟಾ ಪೂರ್ತಿ ಡೌನ್‌ಲೋಡ್ ಮಾಡಿ, ಹಳೇ ಕಾಮೆಂಟು, ಫೋಟೋ ಎಲ್ಲಾ ಅದರಲ್ಲಿ ಬರತ್ತೆ, ಬ್ಲಾಗರ್‌ನಲ್ಲಿ ಬರೆದಿರೋದಕ್ಕೆ ಗೂಗಲ್ ಟೇಕ್‌ಔಟ್ ಇದೆ. ಆಮೇಲೆ ಕೊನೇದಾಗಿ ಒಂದು ಪೋಸ್ಟ್ ಹಾಕಿ ಮೇಲೆ ಪಿನ್ ಮಾಡಿ, ಈಗ ಎಲ್ಲಿ ಬರೀತಿದೀನಿ, ಮೇಲ್‌ನಲ್ಲಿ ಪಡೆಯೋದು ಹೇಗೆ ಅಂತ ಅದರಲ್ಲಿರಲಿ, ಎರಡು ಹಂತದ ಲಾಗಿನ್ ಆನ್ ಮಾಡಿ, ಅಕೌಂಟನ್ನ ಹಾಗೇ ಇರೋಕೆ ಬಿಡಿ.